ಕಲಿಯುವವನ ಕೂಲಿ

ಕಳೆದ ತಿಂಗಳು ನಮ್ಮ ನೆರೆಮನೆಯ ಹಿರಿಯರೊಬ್ಬರು ಆಸ್ಟ್ರೇಲಿಯಾ ದೇಶದಿಂದ ಹಿಂದಿರುಗಿದರು. ಅವರ ಹಿರಿಯ ಮಗನು ಅಲ್ಲಿಯ ಪರ್ತ್ ನಗರದಲ್ಲಿ ಉದ್ಯೋಗದಲ್ಲಿರುವನು. ಮೊಮ್ಮಗುವನ್ನು ಆಡಿಸುತ್ತ ಮೂರು ತಿಂಗಳು ಇದ್ದು ಬಂದ ಅವರು, ಒಂದು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ಆ ದೇಶದ ರಸ್ತೆಗಳನ್ನೂ ತೋಟಗಳನ್ನೂ ಬಾಯಿತುಂಬ ಹೊಗಳಿದರು. ಕೊನೆಗೆ ಒಂದು ಮಾತನ್ನು ಸೇರಿಸಿದರು: “ಮೇಷ್ಟ್ರೇ, ಅಲ್ಲಿಯ ಮೂಲನಿವಾಸಿಗಳಿಗೆ ಸರಕಾರದವರು ಕುಳಿತಲ್ಲಿಗೇ ಹಣ ಕೊಡುತ್ತಾರಂತೆ. ಕೆಲಸ ಕಲಿಸುತ್ತೇವೆ ಬನ್ನಿ ಎಂದರೂ ಬರುವುದಿಲ್ಲವಂತೆ. ಇಂಥವರಿಗೆ ಏನು ಮಾಡಲಾದೀತು?”

ನಾವು ಆಗ ಉತ್ತರ ಕೊಡಲಿಲ್ಲ. ‘ಅಂತೆ’ ಎಂಬುದು ನಮ್ಮ ನುಡಿಯಲ್ಲಿ ಬಹಳ ಚಿಕ್ಕ ಮಾತು. ಆದರೆ ಅದರ ಬೆನ್ನ ಮೇಲೆ ಎಷ್ಟು ದೊಡ್ಡ ಅಪವಾದವನ್ನಾದರೂ ಹೇರಿ ಊರೂರು ತಿರುಗಿಸಬಹುದು. ಆದುದರಿಂದ ಸಂಗತಿಯನ್ನು ಓದಿ ತಿಳಿದುಕೊಂಡ ಮೇಲೆಯೇ ಮಾತನಾಡುವುದು ಲೇಸೆಂದು ಸುಮ್ಮನಾದೆವು. ಓದಿ ತಿಳಿದುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮೊದಲು ನಮ್ಮ ಶಾಸ್ತ್ರಕಾರರ ಒಂದು ವಿಚಾರ. ಗುರುವಿನ ಬಳಿ ಕಸುಬನ್ನು ಕಲಿಯಲು ನಿಂತವನಿಗೆ ಅಂತೇವಾಸಿ ಎಂದು ಹೆಸರು. ನಾರದಸ್ಮೃತಿಯಲ್ಲಿ ಇವನ ವಿಷಯವಾಗಿ ಸ್ಪಷ್ಟವಾದ ವಿಧಿಗಳಿವೆ. ಕಲಿಕೆಯ ಅವಧಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗುರುವು ತನ್ನ ಮನೆಯಲ್ಲಿಯೇ ಅವನಿಗೆ ಊಟವಿಕ್ಕಿ ಕಲಿಸಬೇಕು. ಕಸುಬಿಗೆ ಹೊರತಾದ ಬೇರೆ ಕೆಲಸವನ್ನು ಮಾಡಿಸಕೂಡದು. ಮಗನಂತೆ ನೋಡಿಕೊಳ್ಳಬೇಕು. ಆ ಅವಧಿಯಲ್ಲಿ ಅವನು ದುಡಿದುದರ ಫಲವು ಗುರುವಿಗೆ ಸೇರುವುದು ನಿಜ. ಆದರೆ ಗುರುವಿನ ಋಣವೂ ಅಷ್ಟೇ ಭಾರವಾದುದು. ಈ ಕಟ್ಟುಗಳು ಬಿಚ್ಚಿದರೆ ಉಳಿಯುವುದು ಕಲಿಕೆಯಲ್ಲ, ವಿಷ್ಟಿ. ಆ ವಿಷ್ಟಿ ಎಂಬ ಶಬ್ದವೇ ಕನ್ನಡದಲ್ಲಿ ‘ಬಿಟ್ಟಿ’ಯಾಗಿದೆ. ಬಿಟ್ಟಿಯ ಅರ್ಥವನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ.

ಇನ್ನು ಆಸ್ಟ್ರೇಲಿಯಾದ ಕಥೆ. ಆ ಖಂಡದ ಉತ್ತರಭಾಗದಲ್ಲಿ ಸಾವಿರಾರು ದನಗಳನ್ನು ಸಾಕುವ ವಿಶಾಲವಾದ ಗೋಮಾಳಗಳುಂಟು. ಅವುಗಳಲ್ಲಿ ಬಹುಕಾಲ ದುಡಿದವರು ಅಲ್ಲಿಯ ಮೂಲನಿವಾಸಿಗಳೇ. ಅವರಿಗೆ ಸಿಗುತ್ತಿದ್ದುದು ಹಿಟ್ಟು, ಸಕ್ಕರೆ, ಚಹಾ, ಹೊಗೆಸೊಪ್ಪು. ಹಣ ಕೊಟ್ಟರೆ ಬಿಳಿಯರಿಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ 1897ರ ಕಾಯಿದೆಯ ತರುವಾಯ, ದುಡಿದವನ ಸಂಬಳವನ್ನು ‘ರಕ್ಷಕ’ರೆಂಬ ಸರಕಾರಿ ಅಧಿಕಾರಿಗಳೇ ತಮ್ಮ ವಶದಲ್ಲಿಟ್ಟುಕೊಳ್ಳುವ ಪದ್ಧತಿ ಬೆಳೆಯಿತು. ತನ್ನ ಹಣವನ್ನು ತಾನು ಪಡೆಯಲು ದುಡಿದವನು ಅಪ್ಪಣೆ ಬೇಡಬೇಕಾಗಿದ್ದಿತು. ಹೀಗೆ ಕೈಸೇರದೆ ಹೋದ ಸಂಬಳದ ಬಾಬಿಗೆ ಆ ಪ್ರಾಂತದ ಸರಕಾರವು 2019ರಲ್ಲಿ 19 ಕೋಟಿ ಡಾಲರುಗಳನ್ನು ಕೊಡಲು ಒಪ್ಪಿತು. ಅಷ್ಟರಲ್ಲಿ ದುಡಿದವರಲ್ಲಿ ಅನೇಕರು ತೀರಿಹೋಗಿದ್ದರು.

1966ರ ಮಾರ್ಚಿಯಲ್ಲಿ ಉತ್ತರಪ್ರಾಂತದ ದನಗಾಹಿಗಳಿಗೂ ಸಮಾನ ವೇತನ ಸಲ್ಲತಕ್ಕದ್ದೆಂದು ಪಂಚಾಯತಿ ನ್ಯಾಯಮಂಡಲಿಯು ತೀರ್ಪಿತ್ತಿತು. ಆದರೆ ಅದು ಜಾರಿಗೆ ಬರತಕ್ಕದ್ದು 1968ರ ಡಿಸೆಂಬರಿನಲ್ಲಿ! ಹಸಿದವನ ಎಲೆಗೆ ಅನ್ನ ಬಡಿಸಿ, ಮೂರನೆಯ ವರ್ಷ ಊಟಮಾಡು ಎಂದ ಹಾಗಾಯಿತು. ಅದೇ 1966ರ ಆಗಸ್ಟಿನಲ್ಲಿ ವೇವ್ ಹಿಲ್ ಎಂಬ ಗೋಮಾಳದಿಂದ ಗುರಿಂಜಿ ಜನರು ವಿನ್ಸೆಂಟ್ ಲಿಂಗಿಯಾರಿ ಎಂಬ ಹಿರಿಯನ ಮುಂದಾಳುತನದಲ್ಲಿ ಹೆಂಡಿರು ಮಕ್ಕಳೊಡನೆ ಹೊರಟು ನಡೆದರು. ಮೊದಲು ಕೂಲಿಯನ್ನು ಕೇಳಿದರು. ತರುವಾಯ ತಮ್ಮ ನೆಲವನ್ನೇ ಕೇಳಿದರು. ಒಂಬತ್ತು ವರ್ಷ ಪಟ್ಟುಹಿಡಿದು ಕುಳಿತರು. 1975ರ ಆಗಸ್ಟ್ 16ರಂದು ಪ್ರಧಾನಮಂತ್ರಿ ಗಫ್ ವಿಟ್ಲಮ್ ಅವರು ಒಂದು ಹಿಡಿ ಮಣ್ಣನ್ನು ಲಿಂಗಿಯಾರಿಯ ಅಂಗೈಗೆ ಸುರಿದು ನೆಲದ ಒಂದು ಭಾಗವನ್ನು ಒಪ್ಪಿಸಿದರು.

ಸಮಾನ ವೇತನವನ್ನು ತಡೆಯುವುದಕ್ಕೆ ಆಗದೆ ಹೋದಾಗ ‘ತರಬೇತಿ’ ಎಂಬ ಮಾತು ಸಹಾಯಕ್ಕೆ ಬಂದಿತು. ಉತ್ತರಪ್ರಾಂತದ ಸರಕಾರಿ ನೆಲೆಗಳಲ್ಲಿಯೂ ಪಾದ್ರಿಗಳ ನೆಲೆಗಳಲ್ಲಿಯೂ ದುಡಿಯುತ್ತಿದ್ದವರಿಗೆ 1969ರಲ್ಲಿ ‘ತರಬೇತಿ ಭತ್ಯ’ ಎಂಬ ಏರ್ಪಾಡು ಮಾಡಿದರು. ನೀನು ಕೆಲಸಗಾರನಲ್ಲ, ಕಲಿಯುವವನು. ಆದುದರಿಂದ ಕೆಲಸಗಾರನ ವೇತನ ನಿನಗಿಲ್ಲ ಎಂಬುದು ಇದರ ತಾತ್ಪರ್ಯ. ವರ್ಷಾನುಗಟ್ಟಲೆ ಅಡಿಗೆ ಮಾಡಿದವನೂ ತೋಟ ಬೆಳೆಸಿದವನೂ ಬೇಲಿ ಕಟ್ಟಿದವನೂ ಒಂದೇ ದಿನದಲ್ಲಿ ವಿದ್ಯಾರ್ಥಿಗಳಾಗಿಬಿಟ್ಟರು. 1970ರ ದಶಕದ ನಡುವಿನ ವೇಳೆಗೆ ಈ ಏರ್ಪಾಡು ರದ್ದಾಯಿತು.

1977ರಲ್ಲಿ ಬೇರೊಂದು ಯೋಜನೆ ಹುಟ್ಟಿತು. ನಿರುದ್ಯೋಗಿಗಳಿಗೆ ಒಬ್ಬೊಬ್ಬರಿಗೆ ಕೊಡುವ ಸಹಾಯಧನವನ್ನು ಒಟ್ಟುಗೂಡಿಸಿ ಊರಿನ ಸಂಸ್ಥೆಗೇ ಒಪ್ಪಿಸುವುದು. ಸಂಸ್ಥೆಯು ಊರಿಗೆ ಬೇಕಾದ ಕೆಲಸವನ್ನು ಗೊತ್ತುಮಾಡಿ ಕೂಲಿಯ ರೂಪದಲ್ಲಿ ಅದನ್ನು ಹಂಚುವುದು. ದೋಷಗಳಿಲ್ಲದ ಯೋಜನೆಯಲ್ಲ ಅದು. ಆದರೂ ದುಡಿದವನು ದುಡಿದವನೆನ್ನಿಸಿಕೊಳ್ಳುತ್ತಿದ್ದನು; ಕೆಲಸವನ್ನು ಊರಿನವರೇ ಆರಿಸುತ್ತಿದ್ದರು. 2007ರಿಂದೀಚೆಗೆ ಸರಕಾರದವರು ಅದನ್ನು ಹಂತಹಂತವಾಗಿ ಕಳಚಿಹಾಕಿದರು.

ಅದರ ಸ್ಥಾನಕ್ಕೆ ಕಡೆಗೆ ಬಂದುದು 2015ರ ಜುಲೈ ತಿಂಗಳಲ್ಲಿ ಮೊದಲಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ. ನಮ್ಮ ನೆರೆಮನೆಯವರ ಕಿವಿಗೆ ಬಿದ್ದುದು ಇದರ ಸುದ್ದಿಯೇ ಇರಬೇಕು. ಪಟ್ಟಣಗಳಿಗೆ ದೂರವಾದ ಸೀಮೆಗಳಲ್ಲಿ ಸುಮಾರು 30,000ಕ್ಕೂ ಹೆಚ್ಚು ಜನರು ಇದಕ್ಕೆ ಒಳಪಟ್ಟರು. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಮೂಲನಿವಾಸಿಗಳು. ವಾರಕ್ಕೆ ಐದು ದಿನ, ಒಟ್ಟು 25 ಗಂಟೆಗಳವರೆಗೆ, ವರ್ಷವೆಲ್ಲ ಚಟುವಟಿಕೆಗೆ ಹಾಜರಾಗಬೇಕು. ಪಟ್ಟಣದ ನಿರುದ್ಯೋಗಿಗೆ ವರ್ಷದಲ್ಲಿ ಆರು ತಿಂಗಳು ಮಾತ್ರ ಇಂಥ ಕಟ್ಟುಪಾಡು. ಒಂದು ದಿನ ತಪ್ಪಿದರೆ ಆ ದಿನದ ಹಣ ಕಡಿತ. ಮತ್ತೆ ಮತ್ತೆ ತಪ್ಪಿದರೆ ಎಂಟು ವಾರಗಳವರೆಗೆ ಕಾಸೂ ಇಲ್ಲ.

ಈಗ ಲೆಕ್ಕವನ್ನು ನೋಡೋಣ. ಸಹಾಯಧನವನ್ನು ದುಡಿದ ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ಸುಮಾರು 11 ಡಾಲರು. 2017ರಲ್ಲಿ ಆ ದೇಶದ ಕನಿಷ್ಠ ವೇತನ ಗಂಟೆಗೆ 18 ಡಾಲರು 29 ಸೆಂಟು. ಹೋಗಲಿ, ವ್ಯತ್ಯಾಸ ಅಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಇವರು ‘ನೌಕರ’ರಲ್ಲವಾದುದರಿಂದ ಸಂಬಳದ ರಜೆಯಿಲ್ಲ, ನಿವೃತ್ತಿನಿಧಿಯಿಲ್ಲ, ಕಾರ್ಮಿಕ ಕಾಯಿದೆಯ ಆಶ್ರಯವಿಲ್ಲ, ಕೆಲಸದಲ್ಲಿ ಗಾಯವಾದರೆ ಕಾರ್ಮಿಕರಿಗೆ ಸಲ್ಲುವ ಪರಿಹಾರವೂ ಇಲ್ಲ. ಇಷ್ಟೆಲ್ಲ ಮಾಡಿ ಕಲಿತ ಮೇಲೆ ಹೋಗಿ ಸೇರುವುದಕ್ಕೆ ಆ ಸೀಮೆಯಲ್ಲಿ ಉದ್ಯೋಗಗಳಾದರೂ ಇದ್ದವೆ? ಬಹಳ ವಿರಳ.

ಸರಕಾರದವರ ವಾದವನ್ನೂ ಹೇಳಬೇಕು. ಸುಮ್ಮನೆ ಕುಳಿತು ತಿನ್ನುವುದರಿಂದ ಮನುಷ್ಯನ ಮನಸ್ಸು ಕೆಡುತ್ತದೆ, ದಿನಚರಿ ಬೇಕು ಎಂದರು. ಆ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆಲಸ್ಯಕ್ಕೆ ಮದ್ದು ಕೆಲಸವೇ ಹೊರತು ಕೆಲಸದ ವೇಷವಲ್ಲ. ಪಶ್ಚಿಮ ಆಸ್ಟ್ರೇಲಿಯಾದ ನಾನ್ಯಾಜರ ಸೀಮೆಯವರು ಇದು ಜನಾಂಗಭೇದವೆಂದು ನ್ಯಾಯಾಲಯಕ್ಕೆ ಹೋದರು. 2021ರ ಕೊನೆಯಲ್ಲಿ ಸರಕಾರವು 20 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಅದೇ ವರ್ಷದ ಮೇ ತಿಂಗಳಿಂದ ಕಡ್ಡಾಯದ ಹಾಜರಿ ನಿಂತಿದ್ದಿತು. 2024ರ ಕೊನೆಯಲ್ಲಿ ಹೊಸ ಯೋಜನೆಯೊಂದು ಬಂದು, ಮೂರು ವರ್ಷಗಳಲ್ಲಿ 3,000 ನಿಜವಾದ ಉದ್ಯೋಗಗಳನ್ನು, ವೇತನ, ರಜೆ, ನಿವೃತ್ತಿನಿಧಿಗಳ ಸಹಿತವಾಗಿ ಕೊಡುವೆವೆಂದು ಮಾತಿತ್ತರು. ಮೂವತ್ತು ಸಾವಿರ ಜನಕ್ಕೆ ಮೂರು ಸಾವಿರ! ಆದರೂ ದಾರಿ ಸರಿಯಾದುದು.

ಇದನ್ನೆಲ್ಲ ಬರೆಯುತ್ತಿರುವಾಗ ನಮ್ಮ ಲೇಖನಿ ಒಂದು ಕಡೆ ತಡೆಯಿತು. ದೂರದ ದೇಶದ ತಪ್ಪನ್ನು ಎಣಿಸುವುದು ಸುಲಭ. ನಾವು ಒಂದು ಪಾಠಶಾಲೆಗೆ ಮುಖ್ಯೋಪಾಧ್ಯಾಯರಾಗಿದ್ದಾಗ ಕಾಡಂಚಿನ ಹಾಡಿಯಿಂದ ಒಬ್ಬ ಹುಡುಗ ಬಂದನು. ಹತ್ತನೆಯ ತರಗತಿ ತೇರ್ಗಡೆಯಾಗಿದ್ದನು. ಕಚೇರಿಯ ಕೆಲಸ ಕಲಿತರೆ ಮುಂದೆ ಎಲ್ಲಿಯಾದರೂ ದಾರಿಯಾದೀತೆಂದು ನಾವೇ ಇರಿಸಿಕೊಂಡೆವು. ಅವನು ಗಂಟೆ ಬಾರಿಸಿದನು, ನೀರು ತಂದನು, ಗಿಡಗಳಿಗೆ ಪಾತಿ ಮಾಡಿದನು, ಅಂಚೆಗೆ ಓಡಾಡಿದನು. ಹಬ್ಬಕ್ಕೆ ಒಂದಿಷ್ಟು ಹಣ, ಒಂದು ಅಂಗಿ. ಹೀಗೆ ಎರಡು ವರ್ಷ. ಯಾರಾದರೂ ಕೇಳಿದರೆ, “ಕೆಲಸ ಕಲಿಯುತ್ತಿದ್ದಾನೆ” ಎನ್ನುತ್ತಿದ್ದೆವು. ಒಂದು ದಿನ ಅವನು ಬರಲಿಲ್ಲ. ಕೆಲವು ತಿಂಗಳ ಮೇಲೆ ಸಂತೆಯಲ್ಲಿ ಮೂಟೆ ಹೊರುತ್ತಿದ್ದವನನ್ನು ಕಂಡು, ಏಕಪ್ಪಾ ಬಿಟ್ಟುಬಿಟ್ಟೆ ಎಂದು ಕೇಳಿದೆವು. ಅವನು ತಲೆ ತಗ್ಗಿಸಿ, “ಕಲ್ತೆ ಸಾರ್. ಕಲ್ತಾಯ್ತು ಅಂತ ಯಾರೂ ಹೇಳಲೇ ಇಲ್ಲ” ಎಂದನು.

ನಾರದಸ್ಮೃತಿಯನ್ನು ನಾವು ಆಗಲೇ ಓದಿದ್ದೆವು. ಅವಧಿ ಗೊತ್ತುಮಾಡಿರಲಿಲ್ಲ, ಬೇರೆ ಕೆಲಸ ಮಾಡಿಸಬಾರದೆಂಬುದನ್ನು ನೆನೆದಿರಲಿಲ್ಲ. ಓದಿದ ವಿದ್ಯೆ ಪುಸ್ತಕದಲ್ಲಿಯೇ ಉಳಿದಿತ್ತು.

ನಮ್ಮ ದೇಶದಲ್ಲಿ 1961ರ ಶಿಶಿಕ್ಷು ಕಾಯಿದೆಯು ಗೊತ್ತಾದ ಅವಧಿ, ಬರೆದ ಒಪ್ಪಂದ, ಶಿಷ್ಯವೇತನ ಇವುಗಳನ್ನು ವಿಧಿಸಿದೆ. ಆದರೆ ಹೊಲಿಗೆ ಕಲಿಯಲು ಬಂದು ಕಸ ಗುಡಿಸುವ ಹುಡುಗಿಗೂ ಅಂಗಡಿಯಲ್ಲಿ ವ್ಯಾಪಾರ ಕಲಿಯಲು ಬಂದು ಚಹಾ ತರುವ ಹುಡುಗನಿಗೂ ಕಾಯಿದೆಯ ಪುಸ್ತಕ ತಲುಪುವುದಿಲ್ಲ. ಅವರನ್ನು ತಲುಪಬೇಕಾದವರು ಗೃಹಸ್ಥರಾದ ನಾವು. ನಮ್ಮಲ್ಲಿ ‘ಕಲಿಯುತ್ತಿರುವ’ ಯಾರಾದರೂ ಇದ್ದರೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇವನ ಕಲಿಕೆ ಯಾವ ದಿನ ಮುಗಿಯುವುದು? ಕೆಲಸದಲ್ಲಿ ಕೈಕಾಲು ಮುರಿದರೆ ವೈದ್ಯನ ಹಣ ಕೊಡುವವರಾರು? ನಾಳೆ ಇವನು ಬಾರದಿದ್ದರೆ ಆ ಕೆಲಸಕ್ಕೆ ಬೇರೊಬ್ಬನನ್ನು ಸಂಬಳ ಕೊಟ್ಟು ಇಡಬೇಕಾದೀತೆ? ಮೂರನೆಯದಕ್ಕೆ ಹೌದೆಂದಾದರೆ ಅವನು ಕಲಿಯುವವನಲ್ಲ, ದುಡಿಯುವವನು. ಅವನ ಕೂಲಿ ನಮ್ಮ ಪೆಟ್ಟಿಗೆಯಲ್ಲಿದೆ.

ಮೊನ್ನೆ ನೆರೆಮನೆಯವರಿಗೆ ಇದನ್ನೆಲ್ಲ ಓದಿ ಹೇಳಿದೆವು. ಪೇಟೆಯಲ್ಲಿ ಅವರದೊಂದು ಜವಳಿ ಅಂಗಡಿಯುಂಟು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಬೆರಳು ಮಡಿಸಿ ಏನನ್ನೋ ಎಣಿಸಿ, “ಆ ಹುಡುಗ ಬಂದು ನಾಲ್ಕು ದೀಪಾವಳಿ ಆಯಿತು ಮೇಷ್ಟ್ರೇ” ಎಂದು ಹೇಳಿ, ಕೊಡೆಯನ್ನು ತೆಗೆದುಕೊಂಡು ಅಂಗಡಿಯ ಕಡೆಗೆ ಹೊರಟರು.