ಮೈಬಣ್ಣದ ಪಾಠ

ಶಬ್ದರೂಪಗಳನ್ನೂ ಅಮರಕೋಶವನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸುವುದರಲ್ಲಿಯೇ ಆಯುಷ್ಯದ ಹೆಚ್ಚು ಭಾಗವನ್ನು ಕಳೆದ ನಾವು, ಅರವತ್ತರ ಹೊಸ್ತಿಲಿನಲ್ಲಿ ವೀಡಿಯೋ ಆಟದ ವಿಷಯವನ್ನು ಬರೆಯಲು ಕುಳಿತುದನ್ನು ಕಂಡು ವಾಚಕ ಮಹಾಶಯರು ನಕ್ಕರೆ ಅದು ಅವರ ತಪ್ಪಲ್ಲ. ಆದರೆ ಈಚೆಗೆ ಧನಗೆರೆಯ ನಮ್ಮ ಮನೆಯ ಜಗಲಿಯ ಮೇಲೆ ನಡೆದ ಸಂಗತಿಯೊಂದು ನಮಗೇ ಪಾಠವಾದುದರಿಂದ, ಅದನ್ನು ಗೃಹಸ್ಥರಾದ ವಾಚಕರಿಗೆ ನಿವೇದಿಸದೆ ಇರಲಾರೆವು.

ನಮ್ಮ ಅಣ್ಣನವರ ಮೊಮ್ಮಗನು ಹತ್ತೊಂಬತ್ತರ ಹುಡುಗ, ಮೈಸೂರಿನಲ್ಲಿ ಓದುತ್ತಿರುವನು. ರಜೆಗೆಂದು ಬಂದವನು ಹಗಲಿರುಳೂ ಕಂಪ್ಯೂಟರಿನ ಮುಂದೆ ಕುಳಿತಿರುವುದನ್ನು ನೋಡಿ, “ಏನಪ್ಪಾ, ಆಟವಾಡುವುದಕ್ಕೆ ಇಷ್ಟು ತಪಸ್ಸೆ?” ಎಂದೆವು. “ಆಟ ಆಡ್ತಿಲ್ಲ ತಾತ, ಆಟದೊಳಗಿನ ಮನುಷ್ಯನಿಗೆ ಚರ್ಮ ಮಾಡ್ತಿದೀನಿ” ಎಂದನು. ಅನ್ಯರು ರಚಿಸಿದ ಆಟವನ್ನು ತೆಗೆದುಕೊಂಡು, ಅದರೊಳಗಿನ ಊರು, ಉಡುಪು, ಜನರನ್ನು ಆಡುವವರೇ ತಮ್ಮ ಇಚ್ಛೆಯಂತೆ ಮಾರ್ಪಡಿಸುವುದಕ್ಕೆ ‘ಮಾಡ್’ ಎಂದು ಹೆಸರಂತೆ. ಇದನ್ನು ಬರಿಯ ಹುಡುಗಾಟವೆಂದು ಎಣಿಸಲಾಗದು. ೧೯೯೮ರಲ್ಲಿ ಹೊರಬಂದ ‘ಹಾಫ್ ಲೈಫ್’ ಎಂಬ ಆಟವನ್ನು ಇಬ್ಬರು ತರುಣರು ಹೀಗೆ ಮಾರ್ಪಡಿಸಿದುದೇ ಮುಂದೆ ಲೋಕಪ್ರಸಿದ್ಧವಾದ ‘ಕೌಂಟರ್ ಸ್ಟ್ರೈಕ್’ ಆಯಿತು. ನಮ್ಮ ಬೆಂಗಳೂರಿನಲ್ಲಿಯೇ ೧೯೯೭ರಲ್ಲಿ ಸ್ಥಾಪಿತವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಚಿತ್ರಕಾರರು ಪರದೇಶದ ಆಟಗಳಿಗೆ ರೂಪವನ್ನೂ ಬಣ್ಣವನ್ನೂ ಒದಗಿಸುತ್ತಿದ್ದರು. ೨೦೧೯ರಲ್ಲಿ ರಾಕ್‌ಸ್ಟಾರ್ ಎಂಬ ದೊಡ್ಡ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಆದಕಾರಣ ಇದು ಅನ್ನ ಕೊಡುವ ವಿದ್ಯೆಯೂ ಅಹುದು.

ಹುಡುಗನು ಆಟದೊಳಗೆ ನಮ್ಮ ಸೀಮೆಯ ಒಂದು ಹಳ್ಳಿಯನ್ನೂ ಅದರಲ್ಲಿ ಒಬ್ಬ ಮುದಿ ಬೇಸಾಯಗಾರನನ್ನೂ ಇಡಬೇಕೆಂದಿದ್ದನು. ಆತನು ತೋರಿಸಿದ ಮುಖವನ್ನು ಕಂಡು ನಮಗೆ ಸಮಾಧಾನವಾಗಲಿಲ್ಲ. ಯಾವುದೋ ದೇಶದ ಬಿಳಿಯ ಮುಖದ ಮೇಲೆ ಒಂದೇ ಸಮನಾಗಿ ಕಂದು ಬಣ್ಣವನ್ನು ಬಳಿದಂತೆ ಅದು ಕಾಣುತ್ತಿದ್ದಿತು. “ಇದು ಮೈಯಲ್ಲ ಮಗು, ಸುಣ್ಣಕ್ಕೆ ಬದಲಾಗಿ ಕೆಮ್ಮಣ್ಣು ಬಳಿದ ಗೋಡೆ” ಎಂದೆವು. ಅವನು ಸಿಟ್ಟಾಗದೆ, ಆ ಕೆಲಸದ ಮರ್ಮವನ್ನು ನಮಗೆ ವಿವರಿಸಿದನು.

ಕಂಪ್ಯೂಟರಿನ ಮನುಷ್ಯನು ಮೊದಲು ಸಣ್ಣ ಸಣ್ಣ ತ್ರಿಕೋಣಗಳಿಂದಾದ ಟೊಳ್ಳು ಬೊಂಬೆ. ಕಿತ್ತಿಳೆಯ ಸಿಪ್ಪೆಯನ್ನು ಬಿಡಿಸಿ ಮಣೆಯ ಮೇಲೆ ಚಪ್ಪಟೆಯಾಗಿ ಹರಡುವಂತೆ ಆ ಬೊಂಬೆಯ ಮೈಯನ್ನು ಬಿಡಿಸಿ ಒಂದು ಚೌಕದೊಳಗೆ ಹಾಸುವರು. ಚೌಕದ ಒಂದೊಂದು ಬದಿಗೆ ೪೦೯೬ ಚುಕ್ಕಿಗಳಿದ್ದರೆ ಒಟ್ಟು ೧,೬೭,೭೭,೨೧೬ ಚುಕ್ಕಿಗಳಾಗುವುವು. ಚಿತ್ರಕಾರನ ಬಟ್ಟೆ ಇದೇ. ಇಂತಹ ಹಾಳೆ ಒಂದಲ್ಲ, ಮೂರಾದರೂ ಬೇಕು. ಮೊದಲನೆಯದರಲ್ಲಿ ಬಣ್ಣ ಮಾತ್ರ. ಎರಡನೆಯದರಲ್ಲಿ ಸುಕ್ಕು, ರೋಮಕೂಪ ಮೊದಲಾದ ಉಬ್ಬುತಗ್ಗುಗಳು. ಮೂರನೆಯದರಲ್ಲಿ ಎಲ್ಲಿ ನುಣುಪು, ಎಲ್ಲಿ ಒರಟು ಎಂಬ ಲೆಕ್ಕ. ಬೆವರಿದ ಮೂಗಿನ ತುದಿಯು ಮಿರುಗಿ, ಒಣಗಿದ ಕೆನ್ನೆಯು ಮಂಕಾಗಿ ತೋರುವುದು ಈ ಮೂರನೆಯದರಿಂದ.

ಬಣ್ಣದ ಹಾಳೆಯಲ್ಲಿ ನೆರಳು ಇರಕೂಡದು. ನಡುಹಗಲಿನ ಬಿಸಿಲಿನಲ್ಲಿ ತೆಗೆದ ಫೋಟೋವನ್ನು ಹಾಗೆಯೇ ಅಂಟಿಸಿದರೆ, ಆಟದ ಮನುಷ್ಯನು ನಡುರಾತ್ರಿ ದೀಪದ ಪಕ್ಕದಲ್ಲಿ ನಿಂತಾಗಲೂ ಅವನ ಮೂಗಿನ ಕೆಳಗೆ ಮಧ್ಯಾಹ್ನದ ನೆರಳು ಉಳಿದಿರುವುದು! ಮತ್ತೊಂದು ಸೂಕ್ಷ್ಮವೂ ಉಂಟು. ಬೆಳಕು ಚರ್ಮದ ಮೇಲಿಂದಲೇ ಹಿಂತಿರುಗುವುದಿಲ್ಲ. ಸ್ವಲ್ಪ ಭಾಗವು ಒಳಹೊಕ್ಕು, ಅಲ್ಲಿ ಚದುರಿ, ಬೇರೊಂದೆಡೆಯಿಂದ ಹೊರಬರುವುದು. ಕತ್ತಲೆಯಲ್ಲಿ ಬ್ಯಾಟರಿಯನ್ನು ಅಂಗೈಯಿಂದ ಮುಚ್ಚಿದರೆ ಬೆರಳುಗಳ ಅಂಚು ಕೆಂಪಾಗಿ ತೋರುವುದನ್ನು ಮನೆಯ ಮಕ್ಕಳೂ ಬಲ್ಲರು. ಇದನ್ನು ಕಂಪ್ಯೂಟರಿಗೆ ಸುಲಭವಾಗಿ ಲೆಕ್ಕಕ್ಕೆ ಸಿಕ್ಕುವಂತೆ ಮಾಡುವ ಸೂತ್ರವನ್ನು ೨೦೦೧ರಲ್ಲಿ ಹೆನ್ರಿಕ್ ವಾನ್ ಜೆನ್ಸೆನ್ ಎಂಬ ವಿದ್ವಾಂಸರೂ ಅವರ ಸಹವರ್ತಿಗಳೂ ಪ್ರಕಟಿಸಿದರು. ನಮ್ಮ ತೊಗಲುಬೊಂಬೆಯವರಾದರೋ ತೊಗಲನ್ನು ತೆಳುವಾಗಿ ಹೆರೆದು, ಬಣ್ಣವಿಟ್ಟು, ಹಿಂದಿನಿಂದ ದೀಪ ಹಿಡಿದು, ಬೆಳಕು ತೊಗಲಿನೊಳಗಿಂದ ಹಾಯ್ದುಬಂದರೆ ಬೊಂಬೆಗೆ ಜೀವ ಬರುವುದೆಂಬುದನ್ನು ಬಹುಕಾಲದಿಂದ ಬಲ್ಲವರಾಗಿರುವರು.

ಇಷ್ಟನ್ನು ಕೇಳಿದ ಮೇಲೆ, “ಹಾಗಾದರೆ ನಿಜವಾದ ಮೈಯನ್ನೇ ನೋಡಿ ಬರೆಯಬಾರದೆ?” ಎಂದೆವು. ನಮ್ಮ ಹೊಲದಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಹಿರಿಯನೊಬ್ಬನು ಅಂದು ಮಜ್ಜಿಗೆ ಕುಡಿಯಲು ಬಂದಿದ್ದನು. ಅವನನ್ನು ಜಗಲಿಯ ನೆರಳಿನಲ್ಲಿ ಕುಳ್ಳಿರಿಸಿ, ಹುಡುಗನು ಫೋನಿನಿಂದ ಚಿತ್ರ ತೆಗೆಯಲು ಸಿದ್ಧನಾದನು. ಹಿರಿಯನು ನಮ್ಮ ಕಡೆಗೆ ತಿರುಗಿ, “ಮೇಷ್ಟ್ರೇ, ಆ ಆಟದೊಳಗ ನನ್ನ ಹೊಡದು ಕೊಂದಾರಾ?” ಎಂದು ಕೇಳಿದನು. ನಾವು ನಿರುತ್ತರರಾದೆವು. ಒಬ್ಬನ ಮುಖವನ್ನು ತೆಗೆದುಕೊಳ್ಳುವ ಮುನ್ನ ಅವನ ಅಪ್ಪಣೆಯನ್ನು ಪಡೆಯಬೇಕೆಂಬುದೂ, ಅದರಿಂದ ಏನು ಮಾಡುವೆವೆಂದು ಹೇಳಬೇಕೆಂಬುದೂ ನಮಗಿಬ್ಬರಿಗೂ ತೋರಿರಲಿಲ್ಲ. “ಇಲ್ಲ ತಾತ, ನೀವು ದಾರಿಹೋಕರಿಗೆ ನೀರು ಕೊಡೋರು, ನಿಮ್ಮ ಮೇಲೆ ಯಾರೂ ಕೈ ಮಾಡೋಕಾಗದ ಹಾಗೆ ಮಾಡ್ತೀನಿ” ಎಂದು ಹುಡುಗನು ಮಾತುಕೊಟ್ಟ ಮೇಲೆಯೇ ಹಿರಿಯನು ಒಪ್ಪಿದನು.

ದಿನವೂ ನೋಡುತ್ತಿದ್ದ ಆ ಮುಖವನ್ನು ನಾವು ಮೊದಲ ಬಾರಿಗೆ ನಿಜವಾಗಿ ನೋಡಿದುದು ಆಗಲೇ. ರುಮಾಲು ಸುತ್ತುವ ಕಡೆ ಹಣೆಯು ತಿಳಿಯಾಗಿದ್ದಿತು, ಬಿಸಿಲು ಕಂಡ ಕೆನ್ನೆಯ ಏಣು ತಾಮ್ರದಂತೆ, ಕಣ್ಣಿನ ಕೆಳಗೆ ನೇರಿಳೆಯ ಛಾಯೆ, ಕುತ್ತಿಗೆಯ ಮಡಿಕೆಗಳಲ್ಲಿ ಕಪ್ಪು, ಅಂಗೈಯಲ್ಲಿ ನಸುಗೆಂಪು. ಬಣ್ಣವನ್ನು ಹುಟ್ಟಿಸುವ ಕಣಗಳು ಎಲ್ಲ ಜನರ ಚರ್ಮದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುವುವೆಂದೂ, ಅವು ಮಾಡುವ ಮೆಲನಿನ್ ಎಂಬ ದ್ರವ್ಯದ ಪ್ರಮಾಣದಿಂದಲೂ ಬಗೆಯಿಂದಲೂ ಬಣ್ಣದ ಭೇದವೆಂದೂ ವೈದ್ಯಶಾಸ್ತ್ರವು ಹೇಳುವುದು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ಗೌರವರ್ಣದಲ್ಲಿ ಐದು ಬಗೆಯನ್ನು ಎಣಿಸಿದರೆ, ಶ್ಯಾಮವರ್ಣದಲ್ಲಿ ಹನ್ನೆರಡು ಬಗೆಯನ್ನು ಎಣಿಸಿರುವುದು. ಹೆಸರುಕಾಳು, ಗರಿಕೆ, ನೀಲೋತ್ಪಲ ಮೊದಲಾದುವು ಅಲ್ಲಿ ಉಪಮಾನಗಳು. ಇದನ್ನು ನಾವು ಎಂದೋ ಓದಿದ್ದೆವು, ಕಣ್ಣಿನಿಂದ ಓದಿರಲಿಲ್ಲ.

ಹತ್ತು ದಿನಗಳ ಮೇಲೆ ಮುಖವು ಸಿದ್ಧವಾಯಿತು. ಹಿರಿಯನನ್ನು ಕರೆದು ತೋರಿಸಿದೆವು. ಅವನು ಬಹಳ ಹೊತ್ತು ನೋಡಿ, “ಎಲ್ಲಾ ಸರಿ ಕನಪ್ಪ. ಹುಬ್ಬಿನ ಮ್ಯಾಗಳ ಗಾಯ ಎಲ್ಲೋಯ್ತು? ಅದಿಲ್ದಿದ್ರ ಇದು ನಾನಲ್ಲ” ಎಂದನು. ಎಳೆತನದಲ್ಲಿ ಎತ್ತಿನ ಕೊಂಬು ತಗುಲಿದ ಗುರುತು ಅದು. ಕೆಲಸ ಉಳಿಯಲೆಂದು ಮುಖದ ಅರ್ಧವನ್ನು ಮಾತ್ರ ಬರೆದು, ಕನ್ನಡಿಯಲ್ಲಿ ಕಂಡಂತೆ ಉಳಿದರ್ಧಕ್ಕೆ ಅದನ್ನೇ ತಿರುಗಿಸಿಡುವುದು ಈ ಕಸಬಿನ ಒಂದು ರೂಢಿ. ಗಾಯವನ್ನು ಬರೆದರೆ ಎರಡು ಹುಬ್ಬುಗಳ ಮೇಲೂ ಮೂಡುವುದೆಂದು ಹುಡುಗನು ಅದನ್ನು ಅಳಿಸಿದ್ದನು. ಮರುಮಾತಿಲ್ಲದೆ ಅವನು ಮತ್ತೆ ಕುಳಿತು, ಎರಡು ಕೆನ್ನೆಗಳನ್ನೂ ಬೇರೆ ಬೇರೆಯಾಗಿ ಬರೆದು, ಎಡಹುಬ್ಬಿನ ಮೇಲೆ ಗಾಯವನ್ನಿಟ್ಟನು.

‘ಇದು ನಾನಲ್ಲ’ ಎಂಬ ಆ ಮಾತು ನಮ್ಮನ್ನು ಅಂದು ನಿದ್ರೆಗೊಡಲಿಲ್ಲ. ಅದನ್ನು ನಾವು ಮೊದಲೊಮ್ಮೆ ಕೇಳಿದ್ದೆವು. ಏಳು ವರ್ಷದ ಹಿಂದೆ ನಮ್ಮ ಮಗಳ ಫೋಟೋವನ್ನು ವರನ ಕಡೆಯವರಿಗೆ ಕಳುಹಿಸುವಾಗ, ಫೋಟೋ ಅಂಗಡಿಯವನಿಗೆ, “ಸ್ವಲ್ಪ ಬೆಳ್ಳಗೆ ಮಾಡಿಕೊಡಪ್ಪ” ಎಂದವರು ನಾವೇ. ಅವನು ಬೆಳ್ಳಗೆ ಮಾಡಿದುದಲ್ಲದೆ ಗಲ್ಲದ ಮೇಲಿನ ಮಚ್ಚೆಯನ್ನೂ ಒರಸಿಬಿಟ್ಟನು. ಮಗಳು ನೋಡಿ, “ಅಪ್ಪ, ಇದು ನಾನಲ್ಲ” ಎಂದಳು. “ನಾಲ್ಕು ಜನ ನೋಡುವುದಮ್ಮ” ಎಂದು ನಾವು ಮಾತನ್ನು ತೇಲಿಸಿದೆವು. ಹನ್ನೆರಡು ಶ್ಯಾಮವರ್ಣಗಳನ್ನು ಓದಿದವರಿಗೆ ಸ್ವಂತ ಮಗಳ ವಿಷಯದಲ್ಲಿ ಬಿಳಿ ಕಪ್ಪು ಎಂಬ ಎರಡೇ ಬಣ್ಣಗಳು ತಿಳಿದಿದ್ದುವು. ಆಟದ ಬೊಂಬೆಗೆ ಹುಡುಗನು ಸಲ್ಲಿಸಿದ ನ್ಯಾಯವನ್ನು ನಾವು ಮನೆಯ ಹೆಣ್ಣುಮಗುವಿಗೆ ಸಲ್ಲಿಸಲಿಲ್ಲ.

ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿರುವ ವಾಚಕರಲ್ಲಿ ನಮ್ಮ ಬಿನ್ನಹವು ಇಷ್ಟೆ: ಫೋಟೋವನ್ನು ಬೆಳ್ಳಗೆ ಮಾಡಿಸುವ ಮುನ್ನ ಆ ಮಗುವಿನ ಮುಖವನ್ನು ಜಗಲಿಯ ಬೆಳಕಿನಲ್ಲಿ ಒಮ್ಮೆ ಸಾವಕಾಶವಾಗಿ ನೋಡಿರಿ. ನಾವಂತೂ ಪೆಟ್ಟಿಗೆಯನ್ನು ಹುಡುಕಿ, ಮಗಳ ತಿದ್ದದ ಫೋಟೋವನ್ನು ತೆಗೆದು, ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇವೆ. ಮುಂದಿನ ಹಬ್ಬಕ್ಕೆ ಅವಳು ತವರಿಗೆ ಬರುವಳು. ಮಚ್ಚೆಯು ಇದ್ದ ಸ್ಥಳದಲ್ಲಿಯೇ ಇರುವುದು.