ನೆಲಮನ್ಯಾಗ ಸಮುದ್ರ ಕಟ್ಟೂ ಮೊದಲ ನೆಲಾ ಒರಸೋರನ್ನ ಕೇಳ್ರಿ

ಹೋದ ವಾರ ನಮ್ಮ ಸಣ್ಣ ವೈನಿ ಫೋನ್ ಮಾಡಿದ್ರು. ಅವರ ಮಗ ಟೊರೊಂಟೋದ ಹತ್ರ ಮನಿ ತೊಗೊಂಡಾನ, ಬೇಸ್‌ಮೆಂಟ್ ಕೆಲಸ ನಡದದ. ನಮ್ಮ ಅಳಿಯಂದ್ರು ಮಾಡಿದಂಗ ತಾನೂ ಅಲ್ಲೆ ಸಮುದ್ರದ ಮೀನು, ಹವಳ ಇಟ್ಟು ದೊಡ್ಡ ರೀಫ್ ಟ್ಯಾಂಕ್ ಕಟ್ಟಸ್ತೀನಿ ಅಂತಾನಂತ. "ನೀ ಮಗಳ ಬಾಣಂತನಕ್ಕ ಹೋದಾಗ ಆರು ತಿಂಗಳು ಕಣ್ಣಾರೆ ನೋಡಿ ಬಂದೀ. ಛಲೋ ಅದನೋ ಇಲ್ಲೋ ಅಷ್ಟ ಹೇಳು" ಅಂದ್ರು. ಅಷ್ಟ ಹೇಳ್ಲಿಕ್ಕೆ ಆಗೂದಿಲ್ಲ ವೈನಿ. ಛಲೋನೂ ಅದ, ತ್ರಾಸೂ ಅದ. ಫೋನಿನ್ಯಾಗ ಅರ್ಧ ಹೇಳಿದೆ, ಉಳಿದಿದ್ದು ಇಲ್ಲೆ ಬರೀತೀನಿ.

ಬೇಸ್‌ಮೆಂಟ್ ನೋಡದೋರು ನಮ್ಮ ಹಳೇ ಮನಿ ಹಗೇವು ನೆನಸ್ಕೋರಿ. ಜ್ವಾಳ ತುಂಬಿಡೂ ಹಗೇವಿನಷ್ಟ ಆಳ, ಆದ್ರ ಮನಿ ತುಂಬಾ ಅಗಲ. ಮಗಳಿರೂ ಮಿಶಿಗನ್ ಕಡೆ ಥಂಡಿ ಭಾಳ, ಅಲ್ಲೆ ಬಹಳ ಮನಿಗಳ ಕೆಳಗ ಇಂಥದೊಂದು ನೆಲಮನಿ ಇರ್ತದ. ಮೊದಲ ಬರೇ ಸಿಮೆಂಟ್ ಗ್ವಾಡಿ, ನೀರು ಕಾಯ್ಸೂ ಮಷೀನು, ಬಟ್ಟಿ ಒಗಿಯೂ ಮಷೀನು. ಆಮ್ಯಾಲ ರೊಕ್ಕ ಕೂಡಿದಂಗ ಕಟಗಿ ಚೌಕಟ್ಟ ನಿಲ್ಲಿಸಿ, ಡ್ರೈವಾಲ್ ಹಾಳಿ ಬಡದು, ನೆಲಕ್ಕ ಹಲಗಿ ಹಾಸಿ ಖೋಲಿ ಮಾಡ್ತಾರ. ನಮ್ಮ ಅಳಿಯಂದ್ರು ಆ ಕೆಲಸದ ಜೋಡೀನ ಟ್ಯಾಂಕಿಂದೂ ಹಚ್ಚಿದ್ರು. ಆರು ಫೂಟ್ ಉದ್ದ, ಎರಡು ಅಗಲ, ಎರಡು ಎತ್ತರ. ಅವರ ಲೆಕ್ಕದಾಗ 180 ಗ್ಯಾಲನ್, ನಮ್ಮ ಲೆಕ್ಕದಾಗ ಸುಮಾರು 680 ಲೀಟರ್. ಬರೇ ನೀರಿಂದ 700 ಕಿಲೋ ಆಗ್ತದ, ಅಂದ್ರ ಏಳು ಚೀಲ ಜ್ವಾಳದ ಭಾರ. ಗಾಜು, ಕಲ್ಲು, ಉಸುಕು ಬ್ಯಾರೆ. ಮ್ಯಾಲಿನ ಮಹಡ್ಯಾಗ ಕಟಗಿ ನೆಲ, ಅಷ್ಟು ಭಾರ ಇಡ್ಲಿಕ್ಕೆ ಹೆದರಿಕಿ. ಕೆಳಗ ಸಿಮೆಂಟ್ ಇರ್ತದಲ್ಲ, ಅಲ್ಲೇ ಇಡೂದು ಶಾಣ್ಯಾತನ. ಇದರಾಗ ಅವರದೇನೂ ತಪ್ಪಿಲ್ಲ.

ಕಟ್ಟೂದನ್ನ ನೋಡಿ ನನಗೂ ಖುಷಿ ಆತು. ಸುಳ್ಳ ಯಾಕ ಹೇಳ್ಲಿ. ಮೊದಲ ನಲ್ಲಿ ನೀರನ್ನ ಆರ್‌ಓ ಮಷೀನ್‌ನ್ಯಾಗ ಸೋಸಿ ಶುದ್ಧ ಮಾಡ್ತಾರ, ಆಮ್ಯಾಲ ಲೀಟರಿಗೆ 35 ಗ್ರಾಮಿನಂಗ ಸಮುದ್ರದ ಉಪ್ಪು ಕಲಸ್ತಾರ. ಆ ಟ್ಯಾಂಕಿಗೆ ಒಂದು ಸಲಕ್ಕ 24 ಕಿಲೋದಷ್ಟು ಉಪ್ಪು ಬೇಕಾತು. ಸೋಸೂವಾಗ ಬಿಟ್ಟು ಹೋಗೂ ನೀರು ಶುದ್ಧ ನೀರಿಗಿಂತ ಹೆಚ್ಚು. ನೀರು ಬರೂ ದಿನ ಕೊಡ, ಬಕೀಟು, ಪಾತೇಲಿ ತುಂಬಿಟ್ಟು ದೊಡ್ಡಾಕಿ ಆದಾಕಿ ನಾ, ಅದು ಗಟಾರಕ್ಕ ಹೋಗೂದು ನೋಡ್ಲಿಕ್ಕೆ ಆಗಲಿಲ್ಲ. ಡ್ರಮ್ಮಿನ್ಯಾಗ ಹಿಡದಿಟ್ಟು ನೆಲಾ ಒರಸ್ಲಿಕ್ಕೆ, ಬಟ್ಟಿ ನೆನಿ ಹಾಕ್ಲಿಕ್ಕೆ ಉಪಯೋಗಸಿದೆ.

ನೀರು ತುಂಬಿದ ಕೂಡಲೇ ಮೀನು ಬಿಡೂಹಂಗಿಲ್ಲ. ಹಾಲಿಗೆ ಹೆಪ್ಪು ಹಾಕಿ ಕಾಯ್ತೀವಲ್ಲ, ಹಂಗ ಕಾಯಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಅಂತ ವಿಷ ಆಗ್ತದ. ಅದನ್ನ ತಿಂದು ಕಡಿಮಿ ಅಪಾಯದ್ದು ಮಾಡೂ ಜೀವಾಣು ಕಲ್ಲಿನ ಸಂದ್ಯಾಗ ಬೆಳೀಬೇಕು, ಅದಕ್ಕ ನಾಕರಿಂದ ಆರು ವಾರ ಹಿಡೀತದ. ಅಳಿಯಂದ್ರು ಪೂರಾ ಆರು ವಾರ ಬರೇ ನೀರು, ಕಲ್ಲು ನೋಡ್ಕೋತ ಕೂತ್ರು. ಅವರಿಗೆ ಅಷ್ಟು ತಾಳ್ಮಿ ಅದ ಅಂತ ನನಗ ಗೊತ್ತಿರಲಿಲ್ಲ.

ಆಮ್ಯಾಲ ಒಂದೊಂದ ಮೀನು ಬಂದ್ವು, ಜನೇವರಿಯೊಳಗ ಹವಳ ಬಂತು. ನಾವು ತಾಳಿ ಸರದಾಗ ಪೋಣಿಸ್ಕೊಳ್ಳೂ ಕೆಂಪು ಹವಳದ ಜಾತಿ ಬ್ಯಾರೆ, ಇದು ಬ್ಯಾರೆ. ನೋಡ್ಲಿಕ್ಕೆ ಹೂವಿನ ಗಿಡ, ಆದ್ರ ಅದು ಪ್ರಾಣಿ. ಒಳಗ ಸಣ್ಣ ಪಾಚಿ ಇರ್ತದ, ಅದು ಬೆಳಕು ಹಿಡದು ಊಟ ಮಾಡಿ ಹಾಕ್ತದ. ಅದಕ್ಕ ಮ್ಯಾಲ ಅಷ್ಟು ಜೋರು ದೀಪ. ಬ್ಯಾಂಗಾಯಿ ಕಾರ್ಡಿನಲ್ ಅಂತ ಒಂದು ಮೀನು ಅದ, ಇಂಡೋನೇಷಿಯಾದ್ದು. ಅದರಾಗ ಗಂಡು ಮೀನು ತತ್ತಿ ಬಾಯಾಗ ಇಟ್ಕೊಂಡು, ಮರಿ ಆಗೂತನಕ ವಾರಗಟ್ಟಲೆ ಉಪಾಸ ಇರ್ತದ. ಬಾಣಂತಿ ಮನ್ಯಾಗ ಆ ಮೀನಿನ ಸುದ್ದಿ ಎಷ್ಟು ಸಲ ಆತೋ ಲೆಕ್ಕ ಇಲ್ಲ. ಕೂಸಿಗೆ ಎಣ್ಣಿ ಹಚ್ಚಿ ಎರದ ಮ್ಯಾಲ ಆ ಗಾಜಿನ ಮುಂದ ತೊಡಿ ಮ್ಯಾಲ ಹಾಕ್ಕೊಂಡು ಕೂತ್ರ, ಅದು ಅಳೂದು ನಿಲ್ಲಸ್ತಿತ್ತು. ಇಂಥದ್ದನ್ನ ಬ್ಯಾಡ ಅಂತ ನಾ ಹೆಂಗ ಅನ್ಲಿ?

ಆದ್ರ ಎರಡು ಮಾತು ಹೇಳಲೇಬೇಕು.

ಒಂದಿನ ಬಟ್ಟಿ ಒಗಿಯೂ ಖೋಲಿ ತೊಟ್ಟ್ಯಾಗ ಪಾಚಿ ಹಿಡದ ಕಲ್ಲೊಂದು ಇತ್ತು. ಟ್ಯಾಂಕಿನಿಂದ ತಗದು ಇಟ್ಟಿದ್ರು. ಪಾಪ, ಆಫೀಸಿಗೆ ಹೋಗ್ಯಾರ, ನಾನ ಸ್ವಚ್ಛ ಮಾಡಿಟ್ರಾತು ಅಂತ ಒಲಿ ಮ್ಯಾಲ ನೀರು ಕುದಿಲಿಕ್ಕೆ ಇಟ್ಟೆ. ನಾವು ಯಾವದ ಜಿಡ್ಡು, ಯಾವದ ಪಾಚಿ ಇರ್ಲಿ, ಮೊದಲ ಸುರಿಯೂದು ಕುದಿಯೂ ನೀರ ಅಲ್ಲೇನು? ಮಗಳು ನೋಡಿ ಚೀರಿದ್ಲು. ಆ ಕಲ್ಲಿನ ಮ್ಯಾಲ ಝೊಆಂಥಿಡ್ ಅಂತ ಗುಂಡಿ ಗುಂಡಿ ಹೂವಿನಂಥ ಜೀವ ಇತ್ತು. ಅದರ ಕೆಲವು ಜಾತ್ಯಾಗ ಪ್ಯಾಲಿಟಾಕ್ಸಿನ್ ಅಂತ ಭಯಂಕರ ವಿಷ ಇರ್ತದ. ಬಿಸಿನೀರು ಹಾಕಿದ್ರ, ಕುದಿಸಿದ್ರ, ಆ ವಿಷ ಹಬಿ ಜೋಡಿ ಮ್ಯಾಲ ಬಂದು ಉಸಿರಿನ್ಯಾಗ ಹೋಗ್ತದ. ಹಿಂಗ ಆಗಿ ಮನಿ ಮಂದಿಯೆಲ್ಲಾ ದವಾಖಾನಿ ಸೇರಿದ್ದೂ ಅದ. ಕೈಯಾಗ ಗಾಯ ಇದ್ರ ಬರಿಗೈಲೆ ಮುಟ್ಟೂದೂ ಅಪಾಯ, ಗ್ಲೌಸ್ ಹಾಕ್ಕೋಬೇಕು, ಕಣ್ಣಿಗೆ ಕನ್ನಡಕ ಹಾಕ್ಕೋಬೇಕು. ಅಳಿಯಂದ್ರಿಗೆ ಇದೆಲ್ಲಾ ಗೊತ್ತಿತ್ತು. ಮಗಳಿಗೂ ಒಂದಿಷ್ಟು ಗೊತ್ತಿತ್ತು. ಮನ್ಯಾಗ ತೊಳಿಯೂ ಕೈ ನಂದು, ನನಗ ಗೊತ್ತಿರಲಿಲ್ಲ. ಮ್ಯಾಲಿನ ಖೋಲ್ಯಾಗ ಎರಡೂವರಿ ತಿಂಗಳ ಕೂಸು ಮಲಗಿತ್ತು. ಅವತ್ತು ರಾತ್ರಿ ನನಗ ನಿದ್ದಿ ಬರಲಿಲ್ಲ.

ಎರಡನೇದು ಫೆಬ್ರುವರಿಯೊಳಗ. ಅಳಿಯಂದ್ರು ಆಫೀಸ್ ಕೆಲಸಕ್ಕ ನಾಕು ದಿನ ಪರ ಊರಿಗೆ ಹೋಗಿದ್ರು. ರಾತ್ರಿ ಮಂಜುಗಡ್ಡಿ ಮಳಿ ಆಗಿ ಗಿಡಗಳ ಟೊಂಗಿ ವೈರಿನ ಮ್ಯಾಲ ಬಿದ್ದು ಕರೆಂಟ್ ಹೋತು. ಟ್ಯಾಂಕಿನ ಕೆಳಗ ಇನ್ನೊಂದು ತೊಟ್ಟಿ ಇರ್ತದ, ಅದಕ್ಕ ಸಂಪ್ ಅಂತಾರ. ಮ್ಯಾಲಿನ ನೀರು ಅಲ್ಲಿಗೆ ಇಳೀತದ, ಪಂಪು ತಿರಗಿ ಮ್ಯಾಲ ಒಯ್ತದ. ಪಂಪು ನಿಂತ್ರ ಮ್ಯಾಲಿನ ನೀರು ಅದ ಪೈಪಿನಿಂದ ಹಿಂದಕ್ಕ ಇಳೀತದ. ಡಬ್ಬಿಯಿಂದ ನಳಿ ಹಚ್ಚಿ ಚಿಮಣಿ ಎಣ್ಣಿ ಎಳೀತಿದ್ವಲ್ಲ, ಒಮ್ಮೆ ಶುರು ಆದ್ರ ನಿಲ್ಲೂದಿಲ್ಲ, ಹಂಗ. ಅದಕ್ಕ ಸಂಪಿನ್ಯಾಗ ಯಾವಾಗ್ಲೂ ಒಂದಿಷ್ಟು ಖಾಲಿ ಜಾಗಾ ಬಿಡಬೇಕು. ನಾಕು ದಿನ ನೀರು ಕಡಿಮಿ ಬೀಳಬಾರದು ಅಂತ ಅಳಿಯಂದ್ರು ಹೋಗೂ ಮುಂದ ಅಂಚಿನ ತನಕ ತುಂಬಿ ಹೋಗಿದ್ರು.

ನಲವತ್ತು ಲೀಟರಿನಷ್ಟು ಉಪ್ಪುನೀರು ಹೊಸಾ ನೆಲದ ಮ್ಯಾಲ ಹರೀತು. ಆ ನೆಲದಾಗ ಮೊದಲ ನೀರು ಹೋಗೂ ಒಂದು ಜಾಲರಿ ಇತ್ತಂತ. ಚಂದ ಕಾಣಸೂದಿಲ್ಲ ಅಂತ ಕೆಲಸದವರು ಅದನ್ನ ಮುಚ್ಚಿ ಮ್ಯಾಲ ಹಲಗಿ ಹಾಸಿಬಿಟ್ಟಿದ್ರು. ಮಗಳು ಸಿಝೇರಿಯನ್ ಆದಾಕಿ. ಮೊಬೈಲ್ ದೀಪ ಬಾಯಾಗ ಕಚ್ಕೊಂಡು ಟಾವೆಲ್ ಹಿಂಡಿ ಹಿಂಡಿ ಬಕೀಟು ತುಂಬಿದ್ಲು, ಮೆಟ್ಟಲಾ ಹತ್ತಿ ಇಳದ್ಲು. ಪಂಪು ನಿಂತ್ರ ಮೀನಿಗೆ ಉಸಿರು ಸಾಲೂದಿಲ್ಲ, ಅದಕ್ಕ ಅರ್ಧ ತಾಸಿಗೊಮ್ಮೆ ತಂಬಗಿಲೆ ಟ್ಯಾಂಕಿನ ನೀರು ಎತ್ತಿ ಎತ್ತಿ ಸುರೀಬೇಕಾತು. ಸೆಲ್ಲಿನ ಮ್ಯಾಲ ನಡಿಯೂ ಗಾಳಿ ಪಂಪು ಮನ್ಯಾಗ ಇತ್ತು, ಸೆಲ್ ಇರಲಿಲ್ಲ. ನೀರು ಥಂಡಿ ಆಗ್ಲಿಕ್ಹತ್ತು. ಕೂಸಿಗಂತ ನಾ ಊರಿಂದ ಎರಡು ಕೌದಿ ಒಯ್ದಿದ್ದೆ. ಒಂದು ಕೂಸಿಗೆ ಹೊಚ್ಚಿದೆ, ಇನ್ನೊಂದು ಟ್ಯಾಂಕಿಗೆ ಸುತ್ತಿದೆ. ಕರೆಂಟ್ ಬರೂದ್ರಾಗ ಹನ್ನೊಂದು ತಾಸು ಆತು. ಒಂದು ಮೀನು ಹೋತು, ಒಂದಿಷ್ಟು ಹವಳ ಬೆಳ್ಳಗಾತು. ನೆಲದ ಹಲಗಿ ಉಬ್ಬಿ ಎದ್ವು.

ಮರುದಿನ ಮಗಳು ಒಂದು ಮಾತಂದ್ಲು. "ಅವ್ವಾ, ಯಾವ ಬಣ್ಣದ ಹವಳ ಬೇಕು ಅಂತ ನನ್ನ ಹತ್ತು ಸಲ ಕೇಳ್ಯಾರ. ಪ್ಲಗ್ ಎಲ್ಲಿರಬೇಕು, ನೀರು ಎಲ್ಲಿ ಹೋಗಬೇಕು ಅಂತ ಒಂದ ಸಲನೂ ಕೇಳಿಲ್ಲ."

ನಾ ಹೇಳೂ ಮಾತೂ ಇಷ್ಟ. ಟ್ಯಾಂಕ್ ಬ್ಯಾಡ ಅಂತ ನನ್ನ ವಾದ ಅಲ್ಲ. ಒಬ್ಬರ ಹವ್ಯಾಸ ಅಂತ ಶುರು ಆಗಿದ್ದು ಗ್ವಾಡಿ ಮುಚ್ಚೂದ್ರಾಗ ಇಡೀ ಮನಿ ಕೆಲಸ ಆಗಿರ್ತದ. ಕೆಲಸ ಮನಿದಾದ್ರ ಮನಿ ನಡಸೋರು ನಕ್ಷಾ ಮುಂದ ಕೂಡಬೇಕು. ಗಂಡಸರ ಹವ್ಯಾಸದಾಗ ನಾವ್ಯಾಕ ಬಾಯಿ ಹಾಕಬೇಕು ಅಂತ ನಮ್ಮ ಬೀಗ್ತಿ ಅಂದ್ರು. ರಾತ್ರಿ ಮೂರು ಗಂಟೆಕ್ಕ ಕೈ ಹಾಕೋರು ನಾವಾದ ಮ್ಯಾಲ ಹಗಲಿನ್ಯಾಗ ಬಾಯಿ ಯಾಕ ಹಾಕಬಾರದು?

ಹಂಗಾರ ಏನು ಕೇಳಬೇಕು? ವೈನಿ, ನಿಮ್ಮ ಸೊಸಿಗೆ ಇದನ್ನ ಓದಸ್ರಿ. ಡ್ರೈವಾಲ್ ಬಡಿಯೂ ಮೊದಲ ನೆಲದ ಜಾಲರಿ ಎಲ್ಲದ ಅಂತ ನೋಡ್ಲಿ, ಅದನ್ನ ಮುಚ್ಚಲಿಕ್ಕೆ ಬಿಡಬ್ಯಾಡ ಅನ್ರಿ. ಟ್ಯಾಂಕ್ ಇರೂ ಕಡೆ ಕಾರ್ಪೆಟ್, ಕಟಗಿ ಹಲಗಿ ಬ್ಯಾಡ, ಫರಸಿ ಇರ್ಲಿ. ಪ್ಲಗ್ ತೊಟ್ಟಿ ಮ್ಯಾಲ ಇರಬಾರದು, ಬಾಜೂಕ ಎತ್ತರದಾಗ ಇರಬೇಕು. ವೈರು ಪ್ಲಗ್ಗಿಗಿಂತ ಕೆಳಗ ಜೋತು ಬಿದ್ದು ಆಮ್ಯಾಲ ಮ್ಯಾಲ ಹೋಗಬೇಕು, ಆಗ ಹನಿ ಅಲ್ಲೇ ಕೆಳಗ ಬೀಳ್ತದ, ಪ್ಲಗ್ಗಿನೊಳಗ ಹೋಗೂದಿಲ್ಲ. ಕರೆಂಟ್ ಸೋರಿದ ಕೂಡಲೇ ತಾನ ಕಡಿಯೂ ಜಿಎಫ್‌ಸಿಐ ಪ್ಲಗ್ಗನ ಬೇಕು ಅಂತ ಹಟಾ ಹಿಡೀಲಿ.

ಗಾಳಿದು ಮರೀಬಾರದು. ಅಷ್ಟು ದೊಡ್ಡ ಟ್ಯಾಂಕಿನಿಂದ ದಿನಾ ಒಂದೆರಡು ಗ್ಯಾಲನ್ ನೀರು ಆವಿ ಆಗ್ತದ. ಉಪ್ಪು ಒಳಗ ಉಳೀತದ, ಸಾರು ಬತ್ತಿದ್ರ ಬರೇ ನೀರು ಹಾಕ್ತೀವಲ್ಲ ಹಂಗ ಅದಕ್ಕ ಸಪ್ಪನ್ನ ನೀರನ್ನ ಹಾಕ್ತಾರ. ಆದ್ರ ಆ ಆವಿ ಎಲ್ಲಿಗೆ ಹೋಗ್ತದ? ಮುಚ್ಚಿದ ಖೋಲ್ಯಾಗ ಗ್ವಾಡಿ ಹಿಂದ ಸೇರಿ ಬೂಷ್ಟ ಹಿಡೀತದ. ಹಗೇವಿನ್ಯಾಗ ಹಸಿ ಸೇರಿದ್ರ ಜ್ವಾಳ ಏನಾಗ್ತಿತ್ತು ಅಂತ ನಮಗ ಗೊತ್ತದ. ಹೊರಗ ಗಾಳಿ ಒಗಿಯೂ ಫ್ಯಾನು, ಹಸಿ ಎಳಿಯೂ ಮಷೀನು ಎರಡೂ ಮೊದಲ ಲೆಕ್ಕದಾಗ ಇರ್ಲಿ. ಸಣ್ಣ ಕೂಸಿರೂ ಮನ್ಯಾಗ ಬೂಷ್ಟ ಅಂದ್ರ ನೆಗಡಿ, ಕೆಮ್ಮು, ದಮ್ಮು.

ಎಲ್ಲಾಕಿಂತ ದೊಡ್ಡ ಪ್ರಶ್ನಿ: ಅವನು ಊರಾಗಿಲ್ಲದಾಗ ಯಾರು? ಆ ಮನ್ಯಾಗ ಟ್ಯಾಂಕಿನ ಕೆಲಸ ಗೊತ್ತಿದ್ದೋರು ಒಬ್ಬರ ಇದ್ರ ಆರು ಫೂಟಿಂದು ಬ್ಯಾಡ, ಸಣ್ಣದು ಇರ್ಲಿ. ಇಬ್ಬರು ಕಲತ ಮ್ಯಾಲ ದೊಡ್ಡದು ಮಾಡ್ಲಿ. ಸಣ್ಣ ಟ್ಯಾಂಕಿನ್ಯಾಗ ನೀರು ಲಗೂ ಕೆಡ್ತದ, ದೊಡ್ಡದ ಸುಲಭ ಅಂತ ಅಳಿಯಂದ್ರು ಅಂತಾರ. ಅದೂ ಖರೇನ. ಆದ್ರ ಸಣ್ಣದು ಒಡದ್ರ ಒಂದು ಬಕೀಟಿನ್ಯಾಗ ಬಳೀಬಹುದು.

ಊರಾಗ ಇರೋರಿಗೂ ಒಂದು ಮಾತು. ನಮ್ಮ ಹುಡುಗರೂ ಇದನ್ನ ನೋಡಿ ಆಸಿ ಪಡ್ತಾರ. ನಮ್ಮ ದೇಶದಾಗ ದಿಬ್ಬ ಕಟ್ಟೂ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟ್ಯಾಗ ಅವ, ಹುಲಿ ಇರೂ ಪಟ್ಟಿ ಅದು. ಸಮುದ್ರದಿಂದ ಕಿತ್ತು ತಂದ್ರ ಜೇಲು. ನೋಡೂ ಆಸಿ ಇದ್ರ ಮುರುಡೇಶ್ವರದಿಂದ ದೋಣ್ಯಾಗ ನೇತ್ರಾಣಿ ದ್ವೀಪಕ್ಕ ಹೋಗ್ರಿ, ಅಲ್ಲೆ ನೀರಿನ್ಯಾಗ ಮುಳುಗಿ ಹವಳ, ಮೀನು ನೋಡಬಹುದು.

ಈಗ ಮಗಳ ಮನ್ಯಾಗ ಹಲಗಿ ತಗದು ಫರಸಿ ಹಾಕ್ಯಾರ, ಜಾಲರಿ ಮತ್ತ ಕಾಣಸ್ತದ. ಅಳಿಯಂದ್ರು ತಪ್ಪು ಒಪ್ಪಿಕೊಂಡ್ರು, ಅದು ದೊಡ್ಡ ಮಾತು. ಸಂಪಿನ ಗಾಜಿನ ಮ್ಯಾಲ ಕೆಂಪು ಗೆರಿ ಎಳದಾರ, ಅದರ ಮ್ಯಾಲ ನೀರು ಹಾಕೂಹಂಗಿಲ್ಲ. ಗ್ವಾಡಿ ಮ್ಯಾಲ ಒಂದು ಹಾಳಿ ಅದ: ಯಾವ ಪ್ಲಗ್ ಯಾವದರದು, ಕರೆಂಟ್ ಹೋದ್ರ ಮೊದಲ ಏನು, ಯಾವ ಕಲ್ಲು ಮುಟ್ಟಬಾರದು. ನಾ ಬರೂ ಮುಂದ ಅದನ್ನ ಕನ್ನಡದಾಗೂ ಬರಸಿದೆ, ಯಾಕಂದ್ರ ಈ ದೀಪಾವಳಿ ಆದ ಮ್ಯಾಲ ಬೀಗ್ತಿ ಹೊಂಟಾರ. ಕೌದಿ ಅಲ್ಲೇ ಬಿಟ್ಟು ಬಂದೀನಿ. ಉಪ್ಪುನೀರಿನ ಕಲಿ ಹೋಗಿಲ್ಲ.