ಕೋಡಿ ಮರೆತ ಊರಿಗೆ ದೋಣಿಯೇ ಗತಿ!

ಕನ್ನಡದ ತರುಣರೇ, ತರುಣಿಯರೇ,

ಮೊದಲು ಒಂದು ಪರೀಕ್ಷೆ. ಕೋಡಿ ಎಂದರೇನು? ತೂಬು ಎಂದರೇನು? ಅಚ್ಚುಕಟ್ಟು ಎಂದರೇನು? ನೀರುಗಂಟಿ ಎಂದರೆ ಯಾರು? ನಿಮ್ಮ ತಾತನನ್ನು ಕೇಳಿದ್ದರೆ ತಟ್ಟನೆ ಹೇಳುತ್ತಿದ್ದರು. ನಿಮಗೆ ಗೊತ್ತಿಲ್ಲ. ಅದು ನಿಮ್ಮ ತಪ್ಪಲ್ಲ. ಆದರೆ ಈ ನಾಲ್ಕು ಮಾತು ಮರೆತದ್ದಕ್ಕೆ ಬೆಂಗಳೂರು ಕಟ್ಟುತ್ತಿರುವ ದಂಡ ಎಷ್ಟೆಂದು ತಿಳಿಯದೆ ಕೂತರೆ ಮಾತ್ರ ತಪ್ಪು ನಿಮ್ಮದೇ.

2016ರ ಜುಲೈ ಕೊನೆಯಲ್ಲಿ ಕೋಡಿಚಿಕ್ಕನಹಳ್ಳಿಯ ಬೀದಿಯಲ್ಲಿ ಜನ ಮೀನು ಹಿಡಿದರು. ಊರಿನ ಹೆಸರಲ್ಲೇ ಕೋಡಿ ಇದೆ ನೋಡಿ! ಕೆರೆ ತುಂಬಿ ಹೆಚ್ಚಾದ ನೀರು ಹೊರಬೀಳುವ ಜಾಗವೇ ಕೋಡಿ. ಆ ಹೆಸರನ್ನು ಬಸ್ಸಿನ ಬೋರ್ಡಿನ ಮೇಲೆ ದಿನಾ ಓದಿದೆವು. ಅದರ ಅರ್ಥವನ್ನು ಮಾತ್ರ ಮಡಿವಾಳ ಕೆರೆಯ ನೀರೇ ಮನೆಯೊಳಗೆ ನುಗ್ಗಿ ಹೇಳಬೇಕಾಯಿತು.

2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆ ಮುಳುಗಿದವು. ಕೋಟಿ ಕೋಟಿ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ, ವಿಧಾನಸೌಧದಿಂದ ಕೂಗಳತೆಯಲ್ಲಿ, ತುಂಬಿ ನಿಂತ ಮಳೆನೀರಿಗೆ ಒಬ್ಬ ಯುವತಿ ಬಲಿಯಾದಳು. 2024ರ ಅಕ್ಟೋಬರಿನಲ್ಲಿ ಯಲಹಂಕ ಕೆರೆ ತುಂಬಿ, ಪಕ್ಕದ ಅಪಾರ್ಟ್‌ಮೆಂಟಿನವರನ್ನು ದೋಣಿಯಲ್ಲಿ ಸಾಗಿಸಿದರು. ಸಮುದ್ರದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿನಲ್ಲಿ ದೋಣಿ! ಜಗತ್ತು ನಗದೆ ಇರುತ್ತದೆಯೇ?

ಪ್ರತಿ ಸಲವೂ ಅದೇ ಉತ್ತರ: "ಈ ಸಲ ಮಳೆ ಜಾಸ್ತಿ." ಮಳೆ ಜೋರಾಗಿ ಸುರಿದದ್ದು ನಿಜ. ಆದರೆ ಬಂದ ನೀರಿಗೆ ಹೋಗಲು ದಾರಿ ಇತ್ತಲ್ಲ, ಅದನ್ನು ತಿಂದವರು ಯಾರು? ಮೋಡವೇ?

ದಾರಿ ಇತ್ತು, ಹೆಸರೂ ಇತ್ತು

ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಊರು ಕೂತಿರುವುದು ದಿಣ್ಣೆಯ ಮೇಲೆ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಮೊದಲ ಎರಡರ ನೀರು ದಕ್ಷಿಣ ಪಿನಾಕಿನಿಗೆ. ಮೂರನೆಯದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ನಮ್ಮ ಹಿರಿಯರು ಈ ಇಳಿಜಾರನ್ನು ಓದಿಕೊಂಡರು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು, ಕಾಲುವೆ ಹಿಡಿದು, ಕೆಳಗಿನ ಕೆರೆಗೆ. ಅದೂ ತುಂಬಿದರೆ ಮುಂದಿನದಕ್ಕೆ. ಒಂದು ಹನಿಗೂ ದಾರಿ ತಪ್ಪುತ್ತಿರಲಿಲ್ಲ. ಇದನ್ನು ಕಟ್ಟಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನೀರಿನ ಭಾಷೆ ಬರುತ್ತಿತ್ತು.

ಆ ಕೆರೆಗಳು ಈಗ ಎಲ್ಲಿ? ಧರ್ಮಾಂಬುಧಿಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ ಹಾಕಿ ಮೈದಾನ. ಚಲ್ಲಘಟ್ಟ ಕೆರೆಯ ಮೇಲೆ ಗಾಲ್ಫ್ ಆಟ!

ಇನ್ನು ಕಾಲುವೆಗಳ ಕತೆ. ಮಹಾಲೇಖಪಾಲರ 2021ರ ವರದಿ ತೆಗೆದು ನೋಡಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರ್ ಕಾಲುವೆಯಿತ್ತು. 2016-17ರ ಹೊತ್ತಿಗೆ ಉಳಿದದ್ದು ಸುಮಾರು 63. ವೃಷಭಾವತಿ ಕಣಿವೆಯ 226 ಕಿಲೋಮೀಟರ್ ಸುಮಾರು 111ಕ್ಕೆ ಇಳಿದಿತ್ತು. ಅರ್ಧದಷ್ಟು ಮಾಯ! ಕಿಲೋಮೀಟರ್‌ಗಟ್ಟಲೆ ಕಾಲುವೆಯನ್ನು ಯಾರೂ ಜೇಬಿನಲ್ಲಿಟ್ಟುಕೊಂಡು ಓಡಿಹೋಗಲು ಆಗುವುದಿಲ್ಲ. ಅದರ ಮೇಲೆ ಸೈಟು ಎದ್ದಿದೆ, ರಸ್ತೆ ಎದ್ದಿದೆ, ಕಾಂಪೌಂಡು ಎದ್ದಿದೆ.

ಕಳ್ಳತನ ನಡೆಯುವುದು ಕಾಗದದಲ್ಲಿ

ಇಲ್ಲಿಗೆ ಬನ್ನಿ, ಕನ್ನಡ ಬಾವುಟ ಹಿಡಿಯುವ ಗೆಳೆಯರೇ. ಇದು ನೀರಿನ ಪ್ರಶ್ನೆ, ನಮಗೇಕೆ ಎನ್ನಬೇಡಿ. ಇದು ಭಾಷೆಯ ಪ್ರಶ್ನೆಯೂ ಹೌದು.

ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆಯಿರಿ. ಕನ್ನಡದಲ್ಲಿದೆ. ಸರ್ವೆ ನಂಬರುಗಳ ನಡುವೆ ಹಳ್ಳ, ಕಾಲುವೆ, ಕುಂಟೆ, ಕಟ್ಟೆ, ಗುಂಡುತೋಪು ಎಲ್ಲಕ್ಕೂ ಜಾಗವಿದೆ. ಪಹಣಿಯಲ್ಲಿ 'ಬಿ ಖರಾಬು' ಎಂದು ಬರೆದಿರುತ್ತದೆ. ಅಂದರೆ ಸಾಗುವಳಿಗಲ್ಲ, ಮಾರಾಟಕ್ಕಲ್ಲ, ದಾರಿ ಕಾಲುವೆಗಳಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಮೀನು. ನಿರಕ್ಷರಿ ರೈತನಿಗೂ ಇದು ಗೊತ್ತಿತ್ತು.

ಈಗ ಅದೇ ಜಮೀನಿನ ಬಡಾವಣೆ ನಕ್ಷೆ ತೆಗೆಯಿರಿ. ಬಹುಮಟ್ಟಿಗೆ ಎಲ್ಲವೂ ಇಂಗ್ಲಿಷ್. ಹಳ್ಳ ಹೋಗಿ 'ಡ್ರೈನ್' ಆಗಿದೆ. ಕೆಲವೆಡೆ ಒಂದು ಗೆರೆಯಾಗಿದೆ. ಕೆಲವೆಡೆ ಗೆರೆಯೂ ಇಲ್ಲ. ತೋಪು ಹೋಗಿ 'ಗ್ರೀನ್ ವ್ಯೂ' ಬಂದಿದೆ. ತುಂಬಿಸಿದ ಕೆರೆಯಂಗಳದ ಬಡಾವಣೆಗೆ 'ಲೇಕ್' ಎಂಬ ಹೆಸರು! ಸೈಟು ಕೊಳ್ಳುವ ಗುಮಾಸ್ತ, ಆಟೋ ಚಾಲಕ, ಗಾರ್ಮೆಂಟ್ಸ್ ಹೆಣ್ಣುಮಗಳು ಆ ನಕ್ಷೆಯಲ್ಲಿ ಏನನ್ನು ಓದಬೇಕು? ಬಣ್ಣದ ಬ್ರೋಷರ್ ನೋಡಿ ಜೀವಮಾನದ ಉಳಿತಾಯ ಸುರಿಯುತ್ತಾರೆ.

ರಾಜಕಾಲುವೆ ಎಂದರೆ ರಾಜಮರ್ಯಾದೆಯ ಮಾತು. ಡ್ರೈನ್ ಎಂದರೆ ಚರಂಡಿ. ಕಾಲುವೆಯನ್ನು ಚರಂಡಿ ಎಂದು ಕರೆದ ದಿನವೇ ಕಕ್ಕಸಿನ ಕೊಳವೆಯನ್ನು ಅದಕ್ಕೆ ತಿರುಗಿಸಲು ಧೈರ್ಯ ಬಂತು. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದದ್ದು, ಬೆಂಕಿ ಹತ್ತಿದ್ದು ಸುಮ್ಮನೆ ಅಲ್ಲ. ಮಾತು ಕೆಟ್ಟರೆ ನೀರೂ ಕೆಡುತ್ತದೆ.

ಸಹಿ ಹಾಕಿದ ಕೈ ಯಾರದು?

ಈಗ ಕಹಿ ಮಾತು. ಹೊರಗಿನವರು ಬಂದು ಊರು ಹಾಳುಮಾಡಿದರು ಎಂದು ಬೊಬ್ಬೆ ಹೊಡೆದು ಕೈ ತೊಳೆದುಕೊಳ್ಳುವುದು ಸುಲಭ. ಹೊರಗಿನಿಂದ ಬಂದವನಿಗೆ ನಮ್ಮ ಹಳ್ಳ ಎಲ್ಲಿ ಹರಿಯುತ್ತಿತ್ತೆಂದು ಹೇಗೆ ಗೊತ್ತಾಗಬೇಕು? ಗೊತ್ತಿದ್ದವರು ನಾವು! ಅಳತೆ ಮಾಡಿದ ಸರ್ವೆಯವನು, ಖಾತೆ ಬರೆದವನು, ಕಣ್ಣು ಮುಚ್ಚಿದ ಎಂಜಿನಿಯರು, ಪಾಲು ತಿಂದ ಪುಢಾರಿ ಇವರಲ್ಲಿ ಅಚ್ಚ ಕನ್ನಡ ಮಾತಾಡುವವರೇ ಎಷ್ಟು ಮಂದಿ! ನವೆಂಬರ್ ಒಂದರಂದು ಬಾವುಟ ಏರಿಸಿ, ಎರಡರಂದು ಕಾಲುವೆಗೆ ಮಣ್ಣು ಹೊಡೆಸುವವನೂ ಕನ್ನಡಿಗನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಕೆ.ಆರ್. ವೃತ್ತದಲ್ಲಿ ಸತ್ತ ಆ ಯುವತಿ ದುಡಿಯಲು ನಮ್ಮೂರಿಗೆ ಬಂದಿದ್ದವಳು. ನೀರು ಅವಳ ಭಾಷೆ ಕೇಳಲಿಲ್ಲ. ಅವಳಿಗೆ ಉತ್ತರ ಹೇಳಬೇಕಾದ ಭಾಷೆ ಮಾತ್ರ ನಮ್ಮದು.

2016ರ ಆಗಸ್ಟಿನಲ್ಲಿ ಬುಲ್ಡೋಜರ್ ಬಂತಲ್ಲ, ನೆನಪಿದೆಯೇ? ಅವನಿ ಶೃಂಗೇರಿ ನಗರದಲ್ಲಿ ಜನ ಮಂಜೂರಾದ ನಕ್ಷೆ, ಖಾತೆ, ಬ್ಯಾಂಕ್ ಸಾಲದ ಕಾಗದ ಹಿಡಿದು ಅತ್ತರು. ಕಣ್ಣೆದುರೇ ಗೋಡೆ ಉರುಳಿತು. ಸೈಟು ಮಾಡಿ ಮಾರಿದವನ ಮನೆಗೆ, ಸಹಿ ಹಾಕಿದವನ ಮನೆಗೆ ಆ ಬುಲ್ಡೋಜರ್ ದಾರಿ ಕೇಳಲಿಲ್ಲ. ನಂಬಿ ಕೊಂಡವನಿಗೆ ಶಿಕ್ಷೆ, ಮಾರಿ ತಿಂದವನಿಗೆ ರಕ್ಷೆ!

ಅದೇ 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್, ರಾಜಕಾಲುವೆಯಿಂದ ದರ್ಜೆ ನೋಡಿ 50, 35, 25 ಮೀಟರ್ ಜಾಗ ಬಿಡಬೇಕೆಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2015ರ ಮಾಸ್ಟರ್ ಪ್ಲಾನಿನಂತೆ ಕೆರೆಗೆ 30, ಕಾಲುವೆಗೆ 50, 25, 15 ಮೀಟರಿನ ಲೆಕ್ಕಕ್ಕೇ ಮರಳಿದೆವು. ಮೀಟರಿನ ಜಗಳ ಕೋರ್ಟಿನಲ್ಲಿ ನಡೆಯಲಿ. ಆದರೆ ನಕ್ಷೆಯಲ್ಲಿ ಕಾಲುವೆಯನ್ನೇ ಅಳಿಸಿಬಿಟ್ಟರೆ ಟೇಪು ಎಲ್ಲಿಂದ ಹಿಡಿಯುತ್ತೀರಿ, ಸ್ವಾಮಿ?

ಒಂದು ಸೈಟು, ಒಂದು ಟ್ಯಾಂಕರ್

ಲೆಕ್ಕ ಮಾಡೋಣ. ಮೂವತ್ತು ನಲವತ್ತರ ಒಂದು ಸೈಟಿನ ಮೇಲೆ ಎರಡು ಇಂಚು ಮಳೆ ಬಿದ್ದರೆ ಸುಮಾರು 5,600 ಲೀಟರ್. ಹೆಚ್ಚುಕಡಿಮೆ ಒಂದು ಟ್ಯಾಂಕರ್ ನೀರು! ಹತ್ತು ಎಕರೆ ಬಡಾವಣೆಯ ಮೇಲೆ ಸುಮಾರು 20 ಲಕ್ಷ ಲೀಟರ್. ಅದು ರಾಗಿ ಹೊಲವಾಗಿದ್ದಾಗ ಮಣ್ಣು ಬಹುಪಾಲು ಕುಡಿಯುತ್ತಿತ್ತು, ಉಳಿದದ್ದು ನಿಧಾನವಾಗಿ ಹಳ್ಳಕ್ಕೆ ಇಳಿಯುತ್ತಿತ್ತು. ಈಗ ತಾರಸಿ, ಟಾರು, ಕಾಂಕ್ರೀಟು. ಕುಡಿಯುವ ಮಣ್ಣೇ ಇಲ್ಲ. ಅಷ್ಟೂ ನೀರು ಒಟ್ಟಿಗೆ ಒಂದೇ ಹೊತ್ತಿನಲ್ಲಿ ಕೆಳಗೆ ಓಡುತ್ತದೆ. ಬಿಲ್ಡರು ಮಣ್ಣು ತುಂಬಿ ತನ್ನ ಜಾಗ ಎತ್ತರಿಸಿಕೊಳ್ಳುತ್ತಾನೆ. ಆ ನೀರು ಪಕ್ಕದ ಹಳೇ ಹಳ್ಳಿಯ ಹೆಂಚಿನ ಮನೆಗೆ, ತಗ್ಗಿನ ಕೊಳೆಗೇರಿಗೆ ಹೋಗುತ್ತದೆ. ಲಾಭ ಮೇಲಿನವನಿಗೆ, ನೀರು ಕೆಳಗಿನವನಿಗೆ.

2024ರ ಮಾರ್ಚಿನಲ್ಲಿ ಕೊಳವೆ ಬಾವಿ ಬತ್ತಿ ಇದೇ ಊರು ಟ್ಯಾಂಕರಿಗೆ ಸಾಲು ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದೋಣಿ ಹತ್ತಿತು. ಬಿಟ್ಟಿ ಬಂದ ನೀರನ್ನು ಚರಂಡಿಗೆ ಬಿಟ್ಟು, ಬೇಸಿಗೆಯಲ್ಲಿ ಕಾಸು ಕೊಟ್ಟು ಕೊಳ್ಳುವ ಬುದ್ಧಿವಂತರು ನಾವು! ದೊಡ್ಡ ಸೈಟುಗಳಲ್ಲಿ ಮಳೆ ನೀರು ಕೊಯ್ಲು ಕಡ್ಡಾಯವೆಂದು 2009ರಲ್ಲೇ ಕಾನೂನು ಬಂದಿದೆ. ನಿಮ್ಮ ಬೀದಿಯಲ್ಲಿ ಎಷ್ಟು ಇಂಗುಗುಂಡಿ ಇವೆ? ಎಣಿಸಿ ನೋಡಿ.

ನಮ್ಮ ಬೇಡಿಕೆ, ನಿಮ್ಮ ಕೆಲಸ

ಸಮಿತಿಗಳಿಗೇನೂ ಬರವಿಲ್ಲ. ಕೆರೆಗಳ ಬಗ್ಗೆ 1985ರಲ್ಲೇ ಲಕ್ಷ್ಮಣರಾವ್ ಸಮಿತಿ ಕೂತಿತು. ಒತ್ತುವರಿ ಬಗ್ಗೆ 2006-07ರಲ್ಲಿ ಎ.ಟಿ. ರಾಮಸ್ವಾಮಿ ಸಮಿತಿ ಬರೆಯಿತು. ವರದಿಗಳು ಬೀರುವಿನಲ್ಲಿ ಒಣಗಿವೆ, ಮನೆಗಳು ನೀರಿನಲ್ಲಿ ನೆನೆದಿವೆ. 2025ರಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದರು. ಪಾಲಿಕೆ ಐದಾದರೂ ಕಣಿವೆಗಳು ಮೂರೇ. ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಹಾಗಾಗಿ ನಾವು ಕೇಳುವುದು ಇಷ್ಟೇ:

ಒಂದು. ಯಾವ ಬಡಾವಣೆಗೂ ಗ್ರಾಮ ನಕ್ಷೆಯ ಹಳ್ಳ, ಕಾಲುವೆ, ಕೆರೆ, ಕೋಡಿಗಳನ್ನು ಕನ್ನಡದಲ್ಲಿ ಗುರುತಿಸದೆ ಮಂಜೂರಾತಿ ಕೊಡಕೂಡದು. ಆ ನಕ್ಷೆಯನ್ನು ಸ್ಥಳದಲ್ಲೇ ದೊಡ್ಡ ಬೋರ್ಡಿನಲ್ಲಿ ಹಾಕಬೇಕು. 1963ರಲ್ಲೇ ಕನ್ನಡ ಆಡಳಿತ ಭಾಷೆಯೆಂದು ಕಾನೂನು ಮಾಡಿದ ನಾಡಿಗೆ ಇದು ದೊಡ್ಡ ಬೇಡಿಕೆಯೇ?

ಎರಡು. ಬಡಾವಣೆಯ ಮಳೆಯನ್ನು ಆ ಬಡಾವಣೆಯೇ ಹೊರಬೇಕು. ಇಂಗುಗುಂಡಿ, ತಗ್ಗಿನ ಉದ್ಯಾನ, ಕುಂಟೆ ಮಾಡಿ ನೀರು ತಡೆದು, ಮಿಕ್ಕಿದ್ದನ್ನು ಮಾತ್ರ ನಿಧಾನವಾಗಿ ಕಾಲುವೆಗೆ ಬಿಡಬೇಕು.

ಮೂರು. ಕಾಲುವೆಯ ಮೇಲೆ ಸೈಟು ಮಾಡಿದವನೂ ಸಹಿ ಹಾಕಿದವನೂ ಕೊಂಡವನಿಗೆ ತಮ್ಮ ಜೇಬಿನಿಂದ ನಷ್ಟ ಕಟ್ಟಿಕೊಡಬೇಕು. ಆಮೇಲೆ ಬುಲ್ಡೋಜರ್ ಬರಲಿ.

ಸರ್ಕಾರ ತಾನಾಗಿ ಏಳುವುದಿಲ್ಲ. ಎಬ್ಬಿಸಬೇಕು. ಸರ್ವೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಊರಿನ ಗ್ರಾಮ ನಕ್ಷೆ ಇದೆ. ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ 'ದಿಶಾಂಕ್' ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡಿ. ಎರಡನ್ನೂ ಹಿಡಿದು, ಊರಿನ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು, ಭಾನುವಾರ ನಿಮ್ಮ ಕಾಲುವೆಯ ಉದ್ದಕ್ಕೂ ನಡೆಯಿರಿ. ಎಲ್ಲಿ ಕಾಲುವೆ ನಿಂತು ಕಾಂಪೌಂಡು ಶುರುವಾಗುತ್ತದೋ ಅಲ್ಲಿ ಫೋಟೋ ತೆಗೆಯಿರಿ. ಹತ್ತು ರೂಪಾಯಿ ಕಟ್ಟಿ, ಮಾಹಿತಿ ಹಕ್ಕಿನಡಿ, ಕನ್ನಡದಲ್ಲೇ ಅರ್ಜಿ ಬರೆದು, ಮಂಜೂರಾತಿ ಕೊಟ್ಟವರು ಯಾರೆಂದು ಕೇಳಿ. ಕನ್ನಡದಲ್ಲೇ ಉತ್ತರ ಬೇಕೆನ್ನಿ.

ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿದದ್ದು ಸಾಕೆನ್ನುವುದಿಲ್ಲ. ಆದರೆ ಬೋರ್ಡಿನ ಮೇಲೆ ಕನ್ನಡ ಉಳಿದು, ಬೋರ್ಡಿನ ಕೆಳಗೆ ಊರೇ ಮುಳುಗಿದರೆ ಆ ಕನ್ನಡವನ್ನು ಓದುವವರು ಯಾರು? ಕೋಡಿ, ತೂಬು, ಕಾಲುವೆ ಇವು ನಿಘಂಟಿನಲ್ಲಿ ಉಳಿಯಬೇಕಾದ ಮಾತುಗಳಲ್ಲ. ನೆಲದ ಮೇಲೆ ಉಳಿಯಬೇಕಾದವು.

ಮುಂದಿನ ಮಳೆಗೆ ಮೊದಲು ಏಳಿ. ಕಾಲುವೆ ಉಳಿಸಿ, ಕನ್ನಡ ಉಳಿಸಿ!

ಸಿರಿಗನ್ನಡಂ ಗೆಲ್ಗೆ!